ನಮ್ಮ ವಾರ್ಡಿಗೆ ನಿಂತವರು

ಚುನಾವಣೆ ಬಂತೆಂದರೆ ನನಗೆ ಸಿಟ್ಟು ಬರುವಂಥದ್ದು ಒಂದಿಲ್ಲೊಂದು ನಡೆಯುತ್ತಲೇ ಇರುತ್ತದೆ. ಆಗ ಮೈಯೆಲ್ಲ ಉರಿಯುತ್ತದೆ. ಕೆಲವು ದಿನ ಕಳೆದ ಮೇಲೆ ಅದನ್ನೇ ಯಾರಿಗಾದರೂ ಹೇಳಹೋದರೆ ಅವರು ನಗುತ್ತಾರೆ, ನಾನೂ ನಗುತ್ತೇನೆ, ನಕ್ಕೆನಲ್ಲಾ ಅಂತ ಮತ್ತೆ ಸಿಟ್ಟು ಬರುತ್ತದೆ.

ನಾನು ಬೀದರ ಕಡೆಯವಳು. ಬ್ಯಾಂಕಿನ ನೌಕರಿ ಊರೂರು ತಿರುಗಿಸಿ ಕಡೆಗೆ ನಾಶಿಕಕ್ಕೆ ತಂದು ಬಿಟ್ಟಿತು. ನಿವೃತ್ತಿಯಾದ ಮೇಲೂ ನಾವು ಗಂಡ ಹೆಂಡತಿ ಇಲ್ಲೇ ಉಳಿದೆವು. ಇಲ್ಲಿ ಒಂದು ವಾರ್ಡಿಗೆ ನಾಲ್ಕು ಜನ ನಗರಸೇವಕರು, ಅಂದರೆ ಕಾರ್ಪೊರೇಟರುಗಳು. ಹಾಗಾಗಿ ಮಹಾನಗರಪಾಲಿಕೆ ಚುನಾವಣೆಯಲ್ಲಿ ಒಬ್ಬೊಬ್ಬರು ನಾಲ್ಕು ಸಲ ಗುಂಡಿ ಒತ್ತಬೇಕು. ಹಿಂದಿನ ಸಲ ನಮ್ಮ ಮೇಲಿನ ಮನೆಯ ಬಾಯಿ, ಅಂದರೆ ಮರಾಠಿಯಲ್ಲಿ ಅಮ್ಮಾವ್ರು, ನನ್ನ ಜೊತೆಗೇ ಮತ ಹಾಕಿ ಹೊರಗೆ ಬಂದರು. ಯಾರಿಗೆ ಹಾಕಿದಿರಿ ಅಂತ ನಾನು ಕೇಳಲಿಲ್ಲ, ಅದು ಅವರವರ ಗುಟ್ಟು. ನಿಂತವರು ಯಾರು, ಎಂಥವರು ಅಂತ ಗೊತ್ತಿತ್ತೇ ಎಂದಷ್ಟೇ ಕೇಳಿದೆ. ಏನೂ ಗೊತ್ತಿರಲಿಲ್ಲ, ಯಾವ ಹೆಸರು ಕಿವಿಗೆ ಇಂಪಾಗಿತ್ತೋ ಅದಕ್ಕೇ ಒತ್ತಿದೆ ಎಂದರು. ಈ ಬಾಯಿ ನಿವೃತ್ತ ಮುಖ್ಯೋಪಾಧ್ಯಾಯಿನಿ. ಜೀವನವೆಲ್ಲ ಮಕ್ಕಳಿಗೆ ನಾಗರಿಕಶಾಸ್ತ್ರ ಕಲಿಸಿದವರು.

ಆ ಸಿಟ್ಟಿನಲ್ಲೇ ಈ ಸಲ ಒಂದು ಪುಸ್ತಿಕೆ ಮಾಡುವುದೆಂದು ತೀರ್ಮಾನಿಸಿದೆ. ಪ್ರತಿ ಉಮೇದುವಾರರಿಗೆ ಒಂದು ಪುಟ. ಎಲ್ಲರಿಗೂ ಅವೇ ಪ್ರಶ್ನೆಗಳು: ಏನು ಕೆಲಸ ಮಾಡುತ್ತೀರಿ, ಎಲ್ಲಿರುತ್ತೀರಿ, ನಮ್ಮ ಕೊಳಚೆ ನಾಲಾಕ್ಕೆ ಏನು ಮಾಡುತ್ತೀರಿ, ನೀರಿಗೆ ಏನು ಮಾಡುತ್ತೀರಿ. ಮರಾಠಿಯಲ್ಲಿ ಅಚ್ಚು ಹಾಕಿಸಿ ಮನೆಮನೆಗೆ ಹಂಚುವುದು. ಬಾಯಿ ನಾಚಿಕೆಯಿಂದ ಒಪ್ಪಿದರು. ನನ್ನ ಗಂಡ ಮಾತ್ರ, "ಸಾಲ ಕೇಳಾಕ ಬಂದವರಿಗೆ ಪ್ರಶ್ನಿ ಹಾಕಿ ಹಾಕಿ ನಿನಗ ಅದೊಂದು ಚಟ ಆಗ್ಯದ" ಎಂದರು. ಆದರೂ ಬರೆದುಕೊಳ್ಳಲು ಜೊತೆಗೆ ಬಂದರು.

ನಿಮ್ಮ ಊರು ಯಾವುದು

ಮೊದಲು ಹೋದದ್ದು ಹಿಂದೆ ಗೆದ್ದು ಈಗ ಮತ್ತೆ ನಿಂತವರೊಬ್ಬರ ಕಚೇರಿಗೆ. ಚಹಾ ಕೊಟ್ಟರು, ಕುರ್ಚಿ ಕೊಟ್ಟರು. ನಮ್ಮ ಓಣಿಯ ಹಿಂದಿನ ನಾಲಾ ತುಂಬಿ ನಾರುತ್ತಿದೆ, ಸಂಜೆಯಾದರೆ ಸೊಳ್ಳೆ ಅಂತ ಶುರುಮಾಡಿದೆ. ಅವರು ನಾಲಾದ ಮಾತು ಬಿಟ್ಟು ನನ್ನ ಮರಾಠಿಯನ್ನು ಆಲಿಸುತ್ತಿದ್ದರು. ನಿಮ್ಮ ಊರು ಯಾವುದು ಎಂದರು. ಬೀದರ ಎಂದೆ. ಅವರು ಬಹಳ ಪ್ರೀತಿಯಿಂದ, ಹಾಗಾದರೆ ನೀವು ನಿಮ್ಮ ಕಡೆಯ ಚುನಾವಣೆ ನೋಡಿಕೊಳ್ಳಿ, ಇಲ್ಲಿಯ ನಾಲಾ ನಮ್ಮ ಮನೆಯ ವಿಷಯ ಎಂದರು.

ನನ್ನ ಗಂಡ ಮೊಣಕೈಯಿಂದ ತಿವಿದರು, ಏಳೋಣ ಎಂಬಂತೆ. ನಾನು ಏಳಲಿಲ್ಲ. ಇಲ್ಲಿ ಮನೆ ತೆರಿಗೆ ಕಟ್ಟುವವಳು ನಾನು, ಮತದಾರರ ಪಟ್ಟಿಯಲ್ಲಿ ಹೆಸರಿರುವುದು ಇಲ್ಲಿ. "ಸಾಹೇಬರೇ, ನಿಮ್ಮ ನಾಲಾದ ಸೊಳ್ಳೆ ಕಚ್ಚುವ ಮೊದಲು ನನ್ನ ಊರು ಕೇಳಲಿಲ್ಲ" ಎಂದೆ. ಅಲ್ಲಿದ್ದವರು ನಕ್ಕರು. ಸಾಹೇಬರೂ ನಕ್ಕು, ಒಬ್ಬ ಕಾರ್ಯಕರ್ತನ ಕಿವಿಯಲ್ಲಿ ಏನೋ ಹೇಳಿದರು.

ಮರುದಿನ ಸೊಳ್ಳೆಗೆ ಹೊಗೆ ಬಿಡುವ ಗಾಡಿ ಬಂತು. ನಮ್ಮ ಕಿಟಕಿಗೆ ಸರಿಯಾಗಿ ನಿಂತು, ನಾವು ಕೆಮ್ಮಿ ಕೆಮ್ಮಿ ಕಣ್ಣೀರು ಹಾಕುವಷ್ಟು ಹೊಗೆ ಬಿಟ್ಟು ಹೊರಟುಬಿಟ್ಟಿತು. ನಾಲಾದ ಕಡೆ ತಿರುಗಿಯೂ ನೋಡಲಿಲ್ಲ. ಓಡಿಹೋಗಿ ಕೇಳಿದರೆ ಗಾಡಿಯವನು, ಕರ್ನಾಟಕದವರ ಮನೆಗೆ ಅಷ್ಟೇ ಹೇಳಿದ್ದಾರೆ ಎಂದ. ನಾನು ಹಲ್ಲು ಕಡಿಯುತ್ತ ಮೆಟ್ಟಿಲ ಬಳಿ ನಿಂತಿದ್ದಾಗ ಮೇಲಿನ ಬಾಯಿ ಇಳಿದು ಬಂದು ಮುಖ ಉಬ್ಬಿಸಿಕೊಂಡು ಹೇಳಿದರು: "ಇನ್ನೊಮ್ಮೆ ಹೋದಾಗ ಮೇಲಿನ ಮನೆಯವಳೂ ಬೀದರದವಳೇ ಅಂತ ಹೇಳಿ."

ಪಕ್ಷದ ಜಾಗ

ಇನ್ನೊಬ್ಬ ಉಮೇದುವಾರ ಯುವಕ, ಮಾತು ಚುರುಕು. ನಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟ. ತನ್ನ ಪಕ್ಷ ತನಗೆ ತಾಯಿ ಇದ್ದ ಹಾಗೆ ಎಂದ. ಅದನ್ನು ನನ್ನ ಗಂಡ ಅಕ್ಷರ ಬಿಡದೆ ಬರೆದುಕೊಂಡರು.

ಮುದ್ರಣಾಲಯಕ್ಕೆ ಕೊಟ್ಟು ಬಂದ ಮೇಲೆ ಸುದ್ದಿ ಬಂತು, ಆತನಿಗೆ ಟಿಕೆಟ್ ಸಿಗಲಿಲ್ಲ, ಬೇರೆ ಪಕ್ಷ ಸೇರಿದ ಅಂತ. ಫೋನ್ ಮಾಡಿದೆ. ಚಿಕ್ಕಮ್ಮನನ್ನು ಕರೆದ ಹಾಗೆ, ಹೌದು ಕಾಕು, ಬದಲಾಯಿಸಿಕೊಳ್ಳಿ ಎಂದ. ತಾಯಿಯ ಮಾತು ಏನು ಮಾಡಲಿ ಅಂತ ಕೇಳಿದೆ. ಅದು ಹಾಗೇ ಇರಲಿ, ಈ ಪಕ್ಷಕ್ಕೂ ಹೊಂದುತ್ತದೆ ಎಂದ.

ಬದಲಾಯಿಸಿಕೊಟ್ಟು ಬಂದೆವು. ಒಂದೆರಡು ದಿನಕ್ಕೆ ನೋಡಿದರೆ ಓಣಿಯ ಮೂಲೆಯಲ್ಲಿ ಆತನ ಫಲಕ, ಮೂರನೆಯ ಪಕ್ಷದ ಚಿಹ್ನೆಯೊಂದಿಗೆ. ಅವಸರಕ್ಕೆ ಹಳೆಯ ಫಲಕದ ಮೇಲೆಯೇ ಹೊಸ ಕಾಗದ ಅಂಟಿಸಿದ್ದರು; ಅಂಚಿನಲ್ಲಿ ಮೊದಲ ಪಕ್ಷದ ನಾಯಕರ ಅರ್ಧ ಮುಖ ಇಣುಕುತ್ತಿತ್ತು. ಮುದ್ರಣಾಲಯದವನು ಈ ಸಲ ಮುಖ ಗಂಟು ಹಾಕಿದ. ಪಕ್ಷದ ಜಾಗ ಖಾಲಿ ಬಿಡಿ, ಓದುವವರೇ ಪೆನ್ಸಿಲಿನಿಂದ ಬರೆದುಕೊಳ್ಳಲಿ ಎಂದ. ನನಗೆ ಎಲ್ಲಿಲ್ಲದ ಸಿಟ್ಟು. ಅಲ್ಲಿಂದಲೇ ಫೋನ್ ಹಚ್ಚಿ, ಕಡೆಯ ಸಲ ಕೇಳುತ್ತಿದ್ದೇನೆ, ನೀನು ಯಾವ ಪಕ್ಷ ಅಂತ ಕೇಳಿದೆ.

ಆತ ನನ್ನನ್ನೇ ಕೇಳಿದ: "ಕಾಕು, ನಿಮ್ಮ ಪುಸ್ತಕ ಎಷ್ಟು ಗಂಟೆಗೆ ಅಚ್ಚಿಗೆ ಹೋಗುತ್ತದೆ?"

ನೀರು ಬರುವ ದಿನ

ನಮ್ಮ ಮಗಳು ಇರುವುದು ಛತ್ರಪತಿ ಸಂಭಾಜಿನಗರದಲ್ಲಿ. ಅಳಿಯನಿಗೆ ಶೇಂದ್ರಾದ ಕಾರ್ಖಾನೆಯೊಂದರಲ್ಲಿ ಕೆಲಸ. ನಮ್ಮ ಪುಸ್ತಿಕೆಯ ಸುದ್ದಿ ಕೇಳಿ, ಇಲ್ಲೂ ಚುನಾವಣೆ ಇದೆ, ಬಂದು ಇಲ್ಲಿಯವರಿಗೂ ಕಲಿಸಿಕೊಡು ಎಂದಳು. ಹೋದೆವು.

ಅವರ ಬಡಾವಣೆಗೆ ನೀರು ದಿನಾ ಬರುವುದಿಲ್ಲ. ಬಂದ ದಿನ ಅಳಿಯ ರಜೆ ಹಾಕುತ್ತಾನೆ, ಮಗಳು ಅಡುಗೆ ಮಾಡುವುದಿಲ್ಲ, ಇಡೀ ಮನೆ ಡ್ರಮ್ಮು, ಬಕೀಟು, ಪೈಪು. ಸರಿಯಾಗಿ ಅಂಥ ದಿನವೇ ಒಬ್ಬ ಉಮೇದುವಾರ ಪಾದಯಾತ್ರೆ ಬಂದ. ಮುಂದೆ ಢೋಲು, ಹಿಂದೆ ಜನ, ಕೊರಳಲ್ಲಿ ಹಾರ. ಓಣಿಯಲ್ಲಿ ಒಂದು ನರಪಿಳ್ಳೆಯೂ ಹೊರಗೆ ಬರಲಿಲ್ಲ. ಎಲ್ಲರೂ ನೀರಿನ ಹಿಂದೆ ಇದ್ದರು. ಆತ ನಮ್ಮ ಗೇಟಿನ ಬಳಿ ನಿಂತು ಕೈ ಮುಗಿದು, ಈ ಬಡಾವಣೆಯ ಸುಶಿಕ್ಷಿತರಿಗೆ ಪ್ರಜಾಪ್ರಭುತ್ವದಲ್ಲಿ ಆಸಕ್ತಿಯೇ ಇಲ್ಲ ಅಂತ ಬೇಸರಪಟ್ಟ. ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಬೀಗಿತಿ, ಅಂದರೆ ಅಳಿಯನ ತಾಯಿ, ಮುಂದೆ ಬಂದರು. ಅವರು ಅಲ್ಲೇ ಹತ್ತಿರದ ವೈಜಾಪುರದವರು, ಮಾತು ಕಡಿಮೆ. ಕೈಯಲ್ಲಿದ್ದ ಪೈಪನ್ನು ಆತನ ಕೈಗೆ ಕೊಟ್ಟು, ಡ್ರಮ್ ತುಂಬುವವರೆಗೆ ಹಿಡಿದುಕೊಳ್ಳಿ, ಒಳಗೆ ನೀರಿನ ಟಾಕಿ ತುಂಬಿತೇ ನೋಡಿ ಬರುತ್ತೇನೆ ಎಂದು ಹೋದರು.

ಆತ ಹಿಡಿದುಕೊಂಡ. ಬೇರೆ ದಾರಿ ಇರಲಿಲ್ಲ. ಜೊತೆಯವರು ಫೋಟೋ ತೆಗೆದರು.

ಸಂಜೆಗೆ ಆ ಫೋಟೋ ಎಲ್ಲರ ಮೊಬೈಲಿಗೂ ಬಂತು. ಹಾರ ಹಾಕಿಕೊಂಡ ಮನುಷ್ಯ, ಕೈಯಲ್ಲಿ ಪೈಪು, ಅದರಿಂದ ಧಾರಾಳ ನೀರು. ಕೆಳಗೆ ಬರೆದಿತ್ತು: ಬಡಾವಣೆಯ ನೀರಿನ ಸಮಸ್ಯೆಯನ್ನು ಸ್ವತಃ ನಿಂತು ಬಗೆಹರಿಸುತ್ತಿರುವ ನಮ್ಮ ಅಣ್ಣ. ನಾನು ಕೆಂಡವಾದೆ. ಇದು ಅನ್ಯಾಯ, ಸುಳ್ಳು, ಇದಕ್ಕೆ ಉತ್ತರ ಬರೆದೇ ತೀರುತ್ತೇನೆ ಅಂತ ಕೂತೆ. ಮಗಳು ಮೊಬೈಲು ಕಸಿದುಕೊಂಡಳು. ಬೀಗಿತಿ ಮಾತ್ರ ಕನ್ನಡಕ ಹಾಕಿಕೊಂಡು ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ಡ್ರಮ್ ಅರ್ಧಕ್ಕೇ ಬಿಟ್ಟು ಹೋದ. ನಿಮ್ಮ ಪುಸ್ತಕದಲ್ಲಿ ಅದನ್ನೂ ಬರೀರಿ."

ಮಣ್ಣಿನ ಮಗ

ಆ ಹೊತ್ತಿಗೆ ಜಿಲ್ಲಾ ಪರಿಷತ್ತಿನ ಚುನಾವಣೆಯ ಗಾಳಿಯೂ ಎದ್ದಿತ್ತು. ನಾಶಿಕ ಜಿಲ್ಲೆಯ ಚಾಂದವಡದಲ್ಲಿ ಈರುಳ್ಳಿ ವ್ಯಾಪಾರ ಮಾಡುವ ನಮ್ಮ ಕಡೆಯ ಪರಿಚಯದವರೊಬ್ಬರಿದ್ದಾರೆ. ನಮ್ಮಲ್ಲಿಯ ಉಮೇದುವಾರರನ್ನೂ ಸ್ವಲ್ಪ ವಿಚಾರಿಸಿ ಎಂದು ಕರೆದರು. ಅಲ್ಲೊಬ್ಬ ಉಮೇದುವಾರನ ಸಭೆ ಇತ್ತು. ಮುಂದಿನ ವಿಧಾನಸಭೆಗೂ ಆತನೇ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತೆವು.

ಆತ ವೇದಿಕೆ ಹತ್ತಿದಾಗ ನಾನು ಗಂಡನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ನಾಶಿಕದಲ್ಲಿ ನಮ್ಮ ಪಕ್ಕದ ಕಟ್ಟಡದವನೇ. ದಿನಾ ಬೆಳಿಗ್ಗೆ ನಾಯಿ ಹಿಡಿದುಕೊಂಡು ನಮ್ಮ ಗೇಟಿನ ಮುಂದೆ ತಿರುಗಾಡುವವನು. ಅಲ್ಲಿ ನಿಂತು ಹೇಳುತ್ತಿದ್ದಾನೆ: ಪಟ್ಟಣದ ಗಾಳಿ ನನಗೆ ಒಗ್ಗುವುದಿಲ್ಲ, ಈ ಮಣ್ಣು ಬಿಟ್ಟು ಒಂದು ರಾತ್ರಿಯೂ ಮಲಗಿದವನಲ್ಲ, ನಿಮ್ಮ ಕಷ್ಟ ನನಗೆ ಗೊತ್ತು, ಏಕೆಂದರೆ ನಾನು ನಿಮ್ಮ ಮಧ್ಯೆ ಇರುತ್ತೇನೆ. ಜನ ಚಪ್ಪಾಳೆ ತಟ್ಟಿದರು. ನನ್ನ ರಕ್ತ ತಲೆಗೇರಿತು.

ಸಭೆ ಮುಗಿದ ಕೂಡಲೇ ಹೋಗಿ ಎದುರಿಗೆ ನಿಂತೆ. ನೀನು ಎಲ್ಲಿರುತ್ತೀ ಅಂತ ಎಲ್ಲರೆದುರಿಗೂ ಹೇಳಲೇ ಎಂದೆ. ಆತನಿಗೆ ಒಂದಿಷ್ಟೂ ಗಾಬರಿಯಾಗಲಿಲ್ಲ. ಮನಸ್ಸು ಇಲ್ಲೇ ಇರುತ್ತದೆ ಕಾಕು, ಮತದಾರರ ಪಟ್ಟಿಯಲ್ಲಿ ಹೆಸರೂ ಇಲ್ಲೇ ಇದೆ, ಅಲ್ಲಿರುವುದು ಬರೀ ಸಂಸಾರ ಎಂದ. ನಾನು ಮುಂದಿನ ಮಾತಿಗೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಆತ ಕಾರಿನ ಬಾಗಿಲು ತೆಗೆದು ಹಿಡಿದ. "ಬಸ್ಸಿಗೆ ಯಾಕೆ ಕಾಯುತ್ತೀರಿ, ಬನ್ನಿ. ನಾನೂ ಈಗ ಮನೆಗೇ ಹೊರಟಿದ್ದೇನೆ."

ನಾಚಿಕೆಗೇಡು ಅಂದರೆ, ನನ್ನ ಗಂಡ ಆಗಲೇ ಒಳಗೆ ಕೂತಾಗಿತ್ತು.

ಉತ್ತರ ಕೊಟ್ಟವರು

ನಮ್ಮ ವಾರ್ಡಿನ ಒಂದು ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು. ಅದಕ್ಕೆ ನಿಂತ ಹೆಣ್ಣುಮಗಳ ಫಲಕದಲ್ಲಿ ಅವಳ ಗಂಡನ ಮುಖ ದೊಡ್ಡದು, ಅವಳದು ಅಂಚೆಚೀಟಿಯಷ್ಟು. ಅಲ್ಲೇ ನನ್ನ ಸಿಟ್ಟು ಅರ್ಧ ಕುದಿದಿತ್ತು. ಪುಸ್ತಿಕೆ ಅಚ್ಚಿಗೆ ಹೋಗುವ ಮೊದಲು ಅವರ ಮನೆಗೆ ಹೋದಾಗ ಇಬ್ಬರೂ ಕೂತಿದ್ದರು. ನಾನು ಅವಳ ಮುಖ ನೋಡಿ ಕೇಳಿದೆ, ಅವನು ಉತ್ತರ ಕೊಟ್ಟ. ನಿಮ್ಮ ಶಿಕ್ಷಣ ಎಲ್ಲಿಯವರೆಗೆ ಆಗಿದೆ ಎಂದರೆ, ಅವಳದು ಬಿ.ಎ. ಎಂದ ಗಂಡ. ನಿಮ್ಮ ಹವ್ಯಾಸ ಎಂದರೆ, ಅವಳಿಗೆ ಅಂಥದ್ದೇನೂ ಇಲ್ಲ ಎಂದ. ಅವರಿಗೇ ಮಾತಾಡಲು ಬಿಡಿ ಎಂದು ನಾನು ಮರಾಠಿಯಲ್ಲಿ ನೇರವಾಗಿಯೇ ಹೇಳಿದೆ. ಅದಕ್ಕೂ ಅವನೇ, ಅವಳು ಸಂಕೋಚದ ಸ್ವಭಾವದವಳು ಎಂದ.

ನನಗೆ ತಡೆಯಲಾಗಲಿಲ್ಲ. ನನ್ನ ಗಂಡನ ಕಡೆ ವಾಲಿ ಕನ್ನಡದಲ್ಲಿ, "ಈಕಿಗೆ ದೇವರು ಬಾಯಿ ಕೊಟ್ಟಿಲ್ಲೇನ್ರಿ?" ಎಂದೆ.

ಅವಳು ತಲೆ ಎತ್ತಿ ನನ್ನನ್ನೇ ನೋಡಿದಳು.

"ಬಾಯಿ ಅದರಿ ಅಕ್ಕಾರ. ಕನ್ನಡದಾಗ ಅದ."

ಅವಳ ತವರು ಕನ್ನಡ ಮಾತಾಡುವ ಗಡಿಯ ಅಕ್ಕಲಕೋಟೆಯಂತೆ. ನನ್ನ ಗಂಡನ ಕೈಯಿಂದ ಪೆನ್ನು ಬಿತ್ತು. ಆಮೇಲೆ ಅವಳು ನಿಲ್ಲಿಸಲಿಲ್ಲ. ನಾಲಾ ನಾರುವುದು ಕಸದಿಂದಲ್ಲ, ಸೇತುವೆಯ ಕೆಳಗೆ ಗೋಡೆ ಕುಸಿದಿದೆ, ನೀರು ಹಿಂದಕ್ಕೆ ನುಗ್ಗುತ್ತದೆ ಎಂದಳು. ನೀರು ಬಿಡುವ ಹೊತ್ತಿಗೆ ಕೆಲಸಕ್ಕೆ ಹೋಗುವ ಹೆಂಗಸರು ಮನೆಯಲ್ಲೇ ಇರುವುದಿಲ್ಲ, ಮೊದಲು ಹೊತ್ತು ಬದಲಾಗಬೇಕು ಎಂದಳು. ಗಂಡ ಹೊರಗೆ ಹೋದಾಗ ಓಣಿಯ ಹೆಂಗಸರೆಲ್ಲ ತನ್ನ ಬಳಿಯೇ ದೂರು ಹೇಳಲು ಬರುತ್ತಾರೆ ಎಂದಳು. ಅಷ್ಟು ಹೊತ್ತೂ ಅವನು ನಗುನಗುತ್ತ ಕೂತಿದ್ದ. ಏನು ಹೇಳುತ್ತಿದ್ದಾಳೆ ಅಂತ ಕೇಳಿದ. ನನ್ನ ಗಂಡ ಪ್ರಾಮಾಣಿಕರು, ಅನುವಾದಕ್ಕೆ ಹೊರಟರು. ನಾನು ಅವರ ಕಾಲು ತುಳಿದು, ತವರಿನ ಮಾತು ಎಂದೆ.

ಮರುದಿನ ಅವನು ಅವಳ ಹೆಸರಿನಲ್ಲಿ ತಾನೇ ಟೈಪ್ ಮಾಡಿಸಿದ ಉತ್ತರ ಕಳಿಸಿದ. ಯಾವುದನ್ನು ಹಾಕುವುದೆಂದು ಮೇಲಿನ ಮನೆಯ ಬಾಯಿಗೂ ನನಗೂ ಚರ್ಚೆಯಾಯಿತು. ಕಡೆಗೆ ಬಾಯಿಯೇ, ಮತಯಂತ್ರದ ಮೇಲೆ ಹೆಸರು ಯಾರದೋ ಅವರ ಮಾತನ್ನೇ ಹಾಕಬೇಕು ಎಂದರು. ಆದರೆ ಅವಳ ಮನೆಯಲ್ಲಿ ರಂಪವಾದರೆ ಎಂಬ ಹೆದರಿಕೆ ನನಗಿತ್ತು. ಫೋನ್ ಮಾಡಿ ಕೇಳಿದೆ. "ಹಾಕ್ರಿ ಅಕ್ಕಾರ. ಒಂದು ಸಲರೆ ನಾ ಅಂದದ್ದು ನನ್ನ ಹೆಸರಿನ ಕೆಳಗ ಬರ್ಲಿ" ಎಂದಳು. ಹಾಕಿದೆವು.

ಪುಸ್ತಿಕೆ ಹಂಚಿದ ದಿನವೇ ಅವನು ಬಂದು ಬಾಗಿಲಲ್ಲಿ ಕೂಗಾಡಿದ. ಇದೆಲ್ಲ ಅವಳು ಯಾವಾಗ ಹೇಳಿದಳು, ಕೇಸು ಹಾಕುತ್ತೇನೆ ಎಂದ. ನಿಮ್ಮೆದುರಿಗೇ ಹೇಳಿದರಲ್ಲ, ನೀವು ನಗುತ್ತ ಕೂತಿದ್ದಿರಿ ಎಂದೆ. ಅವನು ತಿರುಗಿ ಮೆಟ್ಟಿಲಿಳಿದು ಹೋದ. ಮನೆಯಲ್ಲಿ ಹೆಂಡತಿಯ ಜೊತೆ ಕೆಲವು ದಿನ ಮಾತು ಬಿಟ್ಟಿದ್ದನಂತೆ. ಅವಳು ಅಷ್ಟು ಹೊತ್ತಿಗೆ ಪುಸ್ತಿಕೆ ಕೈಯಲ್ಲಿ ಹಿಡಿದು ಒಬ್ಬಳೇ ಮನೆಮನೆ ತಿರುಗತೊಡಗಿದ್ದಳು. ಗೆದ್ದಳು.

ಗೆದ್ದ ಕೆಲವು ದಿನಕ್ಕೆ ಅವನು ಮತ್ತೆ ಬಂದ. ಈ ಸಲ ಚಪ್ಪಲಿ ಹೊರಗೆ ಬಿಟ್ಟು, ಕುರ್ಚಿಯ ತುದಿಯಲ್ಲಿ ಕೂತ. ಜಗಳಕ್ಕೆ ಸಿದ್ಧಳಾಗಿಯೇ ನಾನೂ ಎದುರಿಗೆ ಕೂತೆ. ಮ್ಯಾಡಮ್, ನನಗೆ ಕನ್ನಡ ಕಲಿಸಿ ಎಂದ. ಅವಳು ದಿನಾ ಸಂಜೆ ಅಕ್ಕನ ಜೊತೆ ಫೋನಿನಲ್ಲಿ ಕನ್ನಡ ಮಾತಾಡುತ್ತಾಳಂತೆ, ನಡುನಡುವೆ ಇವನ ಕಡೆ ನೋಡಿ ನಗುತ್ತಾಳಂತೆ.

ಇಂದಿಗೆ ಒಂದು ಮಾತು ಸಾಕು ಎಂದೆ. ಮನೆಗೆ ಬಂದ ಜನ ಏನು ಕೇಳಿದರೂ ಇದನ್ನೇ ಹೇಳಿ ಎಂದು ಕಲಿಸಿದೆ: "ಆಕೀಗೇ ಕೇಳ್ರಿ."

ಎರಡು ಮೂರು ಸಲ ನನ್ನೆದುರಿಗೇ ಹೇಳಿ ನೋಡಿದ. ಆಕೀಗೇ ಕೇಳ್ರಿ, ಆಕೀಗೇ ಕೇಳ್ರಿ ಎಂದುಕೊಳ್ಳುತ್ತ ಮೆಟ್ಟಿಲಿಳಿದ. ಕೆಳಗೆ ಗೇಟಿನ ಹತ್ತಿರ ಹೋದ ಮೇಲೆ ಏನೋ ಹೊಳೆದು ನಿಂತು, ತಲೆಯೆತ್ತಿ, ಮ್ಯಾಡಮ್, ಇದರ ಅರ್ಥವೇನು ಅಂತ ಕೇಳಿದ.

ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದ ನನ್ನ ಗಂಡ ತಲೆಯೆತ್ತದೆ ಮರಾಠಿಯಲ್ಲಿ ಹೇಳಿದರು:

"ಅವಳನ್ನೇ ಕೇಳಿ."