ಮೂವರೂ ಮೊದಲನೆಯವರು

ಕೆಲವರಿಗೆ ಎತ್ತರ ಕಂಡರೆ ತಲೆ ತಿರುಗುತ್ತದೆ, ಕೆಲವರಿಗೆ ರಕ್ತ ಕಂಡರೆ. ನನಗೆ ಎದುರಿಗಿದ್ದವರ ಮುಖ ಸಣ್ಣದಾಗುವುದನ್ನು ಕಂಡರೆ ತಿರುಗುತ್ತದೆ. ಅದು ಸಣ್ಣದಾಗುವ ಮೊದಲೇ ಏನಾದರೂ ಹಿತವಾದ ಮಾತು ಹೇಳಿ ಮತ್ತೆ ಅಗಲ ಮಾಡದಿದ್ದರೆ ನನಗೆ ಸಮಾಧಾನವಿಲ್ಲ. ಇದನ್ನು ಬಹಳ ವರ್ಷ ನಾನು ಒಳ್ಳೆಯತನ ಎಂದೇ ತಿಳಿದಿದ್ದೆ. ಒಮ್ಮೆ ಕ್ಷೌರದವನ ಕೈ ತಪ್ಪಿ ನನ್ನ ಮೀಸೆಯ ಒಂದು ಬದಿ ಇನ್ನೊಂದಕ್ಕಿಂತ ಗಿಡ್ಡವಾಯಿತು. ಹ್ಯಾಂಗಾಗೈತ್ರಿ ಎಂದು ಅವನು ಕೇಳಿದಾಗ ಭಾಳ ಚಲೋ ಆಗೈತಿ ಎಂದು ಹೇಳಿ, ಮನೆಗೆ ಬಂದು ಇಡೀ ಮೀಸೆಯನ್ನೇ ಬೋಳಿಸಿಕೊಂಡೆ. ನನ್ನ ಹೆಂಡತಿ ಸಾವಿತ್ರಿ ಮಾಡುವ ಸಾರಿನಲ್ಲಿ ಉಪ್ಪು ಕಡಿಮೆಯಿರುತ್ತದೆಂಬ ಸಂಗತಿ ಅವಳಿಗೆ ತಿಳಿದದ್ದು ಮೊನ್ನೆ ಮೊನ್ನೆ, ಅದೂ ಅವಳ ತಂಗಿಯ ಬಾಯಿಂದ. ತಂದೆ-ತಾಯಿ ನನಗೆ ಮೌನೇಶ ಎಂದು ಹೆಸರಿಟ್ಟಿದ್ದಾರೆ. ಹೆಸರಿಗೆ ತಕ್ಕಂತೆ ಬಾಯಿ ಮುಚ್ಚಿಕೊಂಡಿದ್ದರೆ, ಈಗ ಹೇಳಹೊರಟಿರುವ ಪ್ರಸಂಗದಲ್ಲಿ ಅರ್ಧದಷ್ಟು ಮಾನವಾದರೂ ಉಳಿಯುತ್ತಿತ್ತು.

ನಾನು ಸಿಂಧನೂರಿನಲ್ಲಿ ಪಂಪ್‌ಸೆಟ್ಟು, ಪೈಪು, ಔಷಧ ಹೊಡೆಯುವ ಯಂತ್ರ ಮಾರುವ ಅಂಗಡಿಯೊಂದರ ಮ್ಯಾನೇಜರು. ದೊಡ್ಡ ಅಂಗಡಿ ಸಿಂಧನೂರಿನಲ್ಲಿ, ಸಣ್ಣವು ಮಸ್ಕಿ, ಲಿಂಗಸುಗೂರುಗಳಲ್ಲಿ. ಕಾಲುವೆಗೆ ನೀರು ಬಂದರೆ ಸಿಂಧನೂರಿನಲ್ಲಿ ವ್ಯಾಪಾರ, ಬಾರದಿದ್ದರೆ ಬೋರಿನ ಕಡೆಯ ಮಸ್ಕಿಯಲ್ಲಿ ವ್ಯಾಪಾರ. ಹೀಗಾಗಿ ನಮ್ಮ ಸಾಹುಕಾರರು ಮಳೆರಾಯನ ಮೇಲೆ ಯಾವತ್ತೂ ಮುನಿಸಿಕೊಂಡವರಲ್ಲ. ಪಗಾರ ಹೆಚ್ಚಿಸುವ ವಿಷಯದಲ್ಲೂ ಅವರದು ಸರಳ ಪದ್ಧತಿ. ದೀಪಾವಳಿಗೆ ಲಕ್ಷ್ಮೀಪೂಜೆ ಮುಗಿದ ಮೇಲೆ ಎಲ್ಲರನ್ನೂ ಕೂರಿಸಿ, ಬೋನಸ್ಸಿನ ಲಕೋಟೆ, ಸ್ವೀಟಿನ ಡಬ್ಬಿ ಕೊಟ್ಟು, ಮುಂದಿನ ತಿಂಗಳಿಂದ ಸ್ವಲ್ಪ ಜಾಸ್ತಿ ಬರತೈತಿ ಎನ್ನುತ್ತಿದ್ದರು. ಯಾರಿಗೆ ಎಷ್ಟು, ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಆ ಅಜ್ಞಾನದಲ್ಲಿ ನಾವೆಲ್ಲ ಸುಖವಾಗಿದ್ದೆವು.

ಹೋದ ವರ್ಷ ಸಾಹುಕಾರರು ಮೊಣಕಾಲು ನೋವೆಂದು ಮನೆಯಲ್ಲಿ ಕುಳಿತರು. ವ್ಯವಹಾರ ಅವರ ಸೊಸೆ ವಿದ್ಯಾ ಮೇಡಂ ಕೈಗೆ ಬಂತು. ಅವರು ಧಾರವಾಡದಲ್ಲಿ ಎಂಬಿಎ ಓದಿದವರು. ಮಾತು ಕಡಿಮೆ, ಕೇಳಿಸಿಕೊಳ್ಳುವುದು ಹೆಚ್ಚು. ಇನ್ನು ಮುಂದೆ ವರ್ಷಕ್ಕೊಮ್ಮೆ ಎಲ್ಲರ ಕೆಲಸದ ಮೌಲ್ಯಮಾಪನ ಆಗಬೇಕೆಂದರು. ಮೌಲ್ಯಮಾಪನವೆಂದರೆ ಹತ್ತನೆಯ ತರಗತಿಯ ಉತ್ತರಪತ್ರಿಕೆ ತಿದ್ದುವುದು ಎಂದೇ ತಿಳಿದಿದ್ದ ನನಗೆ ಬಿಡಿಸಿ ಹೇಳಿದರು: ನನ್ನ ಕೈಕೆಳಗಿನ ಮೂವರಲ್ಲಿ ಒಬ್ಬರನ್ನು ಮೊದಲನೆಯವರೆಂದು ನಾನು ಆರಿಸಬೇಕು. ಅವರಿಗೆ ದೊಡ್ಡ ಹೆಚ್ಚಳ, ಉಳಿದವರಿಗೆ ಸಾಧಾರಣ. ಆರಿಸಿದರಷ್ಟೇ ಸಾಲದು, ಪ್ರತಿಯೊಬ್ಬರ ಎದುರು ಕುಳಿತು, ಅವರು ಎಲ್ಲಿ ಚೆನ್ನಾಗಿ ಮಾಡಿದ್ದಾರೆ, ಎಲ್ಲಿ ತಪ್ಪಿದ್ದಾರೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕು.

ಆರಿಸುವುದು ಕಷ್ಟವಾಗಲಿಲ್ಲ. ಸಿಂಧನೂರಿನ ನಮ್ಮ ಮೆಕ್ಯಾನಿಕ್ ವಿಶ್ವಜಿತ್ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನವನು, ಮನೆಯಲ್ಲಿ ಬಂಗಾಳಿ, ಅಂಗಡಿಯಲ್ಲಿ ಕನ್ನಡ, ಎರಡರಲ್ಲೂ ಮಿತಭಾಷಿ. ಅವನು ಮುಟ್ಟಿದ ಮೋಟರು ಮತ್ತೆ ರಿಪೇರಿಗೆ ಬಂದದ್ದು ಅಪರೂಪ. ಅವನನ್ನು ಮೊದಲನೆಯವನೆಂದು ಬರೆದು ಕಳಿಸಿದೆ. ಅವನ ಎದುರು ಕುಳಿತು ಹಾಗೆಂದು ಹೇಳಿಯೂ ಬಿಟ್ಟೆ. ಆಯ್ತು ಸರ್ ಎಂದು ಅವನು ಮತ್ತೆ ಸ್ಪ್ಯಾನರ್ ಹಿಡಿದ. ಇಷ್ಟು ಸುಲಭವೇ ಎನ್ನಿಸಿತು ನನಗೆ. ಹೊಗಳುವ ಕೆಲಸ ನನಗೆ ಯಾವಾಗ ಕಷ್ಟವಾಗಿತ್ತು?

ಮರುದಿನ ಮಸ್ಕಿಗೆ ಬಸ್ಸು ಹಿಡಿದೆ. ಅಲ್ಲಿಯ ಅಂಗಡಿ ನೋಡಿಕೊಳ್ಳುವವರು ರೆಹಾನಾ ಬೇಗಂ. ಗಂಡ ದರ್ಜಿ, ಮಗಳು ಕಾಲೇಜು. ರೆಹಾನಾ ಅವರ ಲೆಕ್ಕದಲ್ಲಿ ಒಂದು ನಟ್ಟು-ಬೋಲ್ಟೂ ಆಚೀಚೆ ಆಗುವುದಿಲ್ಲ. ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ಪಂಪು ನೀರೆತ್ತುತ್ತಿಲ್ಲವೆಂದು ದೂರಲು ಬಂದ ರೈತನಿಗೆ, ನೀರಿಲ್ಲದ ಬಾವ್ಯಾಗ ಇಳಿಬಿಟ್ರ ಪಂಪೇನು ಅಳಬೇಕೇನು ಎಂದು ಅವರು ಹೇಳಿದ್ದರಿಂದ ಅವನು ನೇರ ಎದುರಿನ ಅಂಗಡಿಗೆ ಹೋದದ್ದುಂಟು. ಹಾಗೆ ಹೋದವನು ಅವನೊಬ್ಬನೇ ಅಲ್ಲ. ಇದನ್ನು ನಯವಾಗಿ ಹೇಳಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿದೆ. ನಾನು ತುಟಿಯಾಡಿಸುವುದನ್ನು ನೋಡಿ, ಪಕ್ಕದಲ್ಲಿ ಕುಳಿತಿದ್ದ ಜವಳಗೇರಾದ ಅಜ್ಜ ಮಂತ್ರವೆಂದು ತಿಳಿದು ಕೈಮುಗಿದು ಇಳಿದುಹೋದ.

ರೆಹಾನಾ ಚಹಾ, ಮಂಡಾಳು, ಬಿಸಿ ಮಿರ್ಚಿ ತರಿಸಿಟ್ಟಿದ್ದರು. ಮಿರ್ಚಿ ತಿನ್ನುತ್ತ ಕೊಟ್ಟವರ ತಪ್ಪು ಎಣಿಸುವುದು ಹೇಗೆ? ತಿಂದು ಮುಗಿಯಲೆಂದು ಕಾದೆ. ಅಷ್ಟರಲ್ಲಿ ಅವರೇ ಸೆರಗು ಸರಿಪಡಿಸಿಕೊಂಡು ಎದುರು ಕುಳಿತರು.

"ಸರ್, ನಂದೇನರ ತಪ್ಪಿದ್ರ ಹೇಳ್ರಿ. ತಿದ್ಕೊಂತೀನಿ."

ಇದಕ್ಕಿಂತ ಸುಲಭದ ಬಾಗಿಲು ದೇವರು ಯಾರಿಗೂ ತೆರೆದುಕೊಡಲಾರ. ನಾನು ಆ ಬಾಗಿಲನ್ನು ಮೆಲ್ಲಗೆ ಮುಚ್ಚಿದೆ. ತಪ್ಪೇ? ನಿಮ್ಮದೇ? ಎಂದು ನಕ್ಕೆ. ಆಗ ಅವರು ಇನ್ನೊಂದು ಸಂಗತಿ ಹೇಳಿದರು. ಊರಿನಲ್ಲಿ ಹೊಸದಾಗಿ ತೆರೆದ ಖಾಸಗಿ ದವಾಖಾನೆಯವರು ಕೌಂಟರಿನ ಕೆಲಸಕ್ಕೆ ಕರೆಯುತ್ತಿದ್ದಾರಂತೆ, ಇಲ್ಲಿಗಿಂತ ಹೆಚ್ಚಿನ ಪಗಾರವಂತೆ. ಇಲ್ಲಿ ಮುಂದೆ ಬರುವ ಭರವಸೆ ಇದ್ದರೆ ಇಲ್ಲೇ ಇರುತ್ತೇನೆ, ಇಲ್ಲದಿದ್ದರೆ ಮಗಳ ಓದಿಗಾದರೂ ಹೋಗಬೇಕು, ನೀವು ಹೇಳಿದಂತೆ ಮಾಡುತ್ತೇನೆ ಎಂದರು. ಅವರ ಮುಖ ನೋಡಿದೆ. ಸಣ್ಣದಾಗುವ ಎಲ್ಲ ಲಕ್ಷಣಗಳೂ ಕಂಡವು. "ಮೂರೂ ಅಂಗಡ್ಯಾಗ ನೀವೇ ಮೊದಲನೇದವ್ರು. ಎಲ್ಲಿಗೂ ಹೋಗಬ್ಯಾಡ್ರಿ," ಎಂದುಬಿಟ್ಟೆ. ಆ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ನಾನು ನೋಡಿದೆ; ಅದಕ್ಕಾಗಿಯೇ ಅಲ್ಲವೆ ಹೇಳಿದ್ದು.

ಅಲ್ಲಿಂದ ಲಿಂಗಸುಗೂರು. ಅಲ್ಲಿಯ ಶರಣಪ್ಪ ಮಾರಾಟದವನು. ಮಾತಿನಲ್ಲೇ ಬಾವಿ ತೋಡಿ, ಮಾತಿನಲ್ಲೇ ಪಂಪು ಕೂರಿಸುವ ಮನುಷ್ಯ. ಹಳ್ಳಿಗಳಿಗೆ ಹೋಗಿದ್ದೇನೆಂದು ಫೋನಿನಲ್ಲಿ ಹೇಳುವಾಗ ಹಿಂದಿನಿಂದ ಚಹಾದಂಗಡಿಯ ಕಪ್ಪು-ಬಸಿಗಳ ಸದ್ದು ಕೇಳಿಸುತ್ತದೆ. ಬಸ್‌ ನಿಲ್ದಾಣಕ್ಕೇ ಬೈಕು ತಂದು ನನ್ನನ್ನು ಖಾನಾವಳಿಗೆ ಕರೆದೊಯ್ದ. ಎಣ್ಣೆಗಾಯಿ, ಶೇಂಗಾ ಚಟ್ನಿ, ಎರಡು ಕಡೆ ಉಬ್ಬಿದ ರೊಟ್ಟಿ. ನಂದು ಹ್ಯಾಂಗೈತ್ರಿ ಸರ್ ಎಂದು ಕೇಳಿದ. ನಿನ್ನಂಥಾವ ಮೂರೂ ಊರಾಗಿಲ್ಲ ಎಂದೆ. ಇದು ಒಂದು ಲೆಕ್ಕಕ್ಕೆ ಸುಳ್ಳೂ ಅಲ್ಲ. ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ಯಾರ ಮನಸ್ಸನ್ನೂ ನೋಯಿಸದೆ ಇಂಥ ಕಠಿಣ ಕೆಲಸ ಮುಗಿಸಿದ್ದಕ್ಕೆ ನನ್ನ ಬಗ್ಗೆ ನನಗೇ ಗೌರವ ಮೂಡಿತು.

ಮೇಡಂ ಫಲಿತಾಂಶವನ್ನು ಒಬ್ಬೊಬ್ಬರಿಗೇ ಗುಟ್ಟಾಗಿ ತಿಳಿಸುತ್ತಾರೆಂದು ನಾನು ಎಣಿಸಿದ್ದೆ. ಅವರು ಎಲ್ಲರನ್ನೂ ಸಿಂಧನೂರಿಗೆ ಊಟಕ್ಕೆ ಕರೆದರು. ರೆಹಾನಾ ಹೊಸ ಸೀರೆ ಉಟ್ಟು ಬಂದರು. ಶರಣಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಿಸೆಯಲ್ಲಿ ಪೆನ್ನು ಸಿಕ್ಕಿಸಿಕೊಂಡಿದ್ದ. ಊಟದ ಕೊನೆಗೆ ಮೇಡಂ ಎದ್ದು ನಿಂತು, ಈ ವರ್ಷ ಮೊದಲನೆಯವರಾಗಿ ಬಂದವರು ಎಂದು ಮಾತು ಶುರುಮಾಡಿದರು. ಅವರು ಹೆಸರು ಹೇಳುವುದಕ್ಕೆ ಮೊದಲೇ ರೆಹಾನಾ ಕುರ್ಚಿ ಹಿಂದೆ ಸರಿಸಿ ಎದ್ದರು. ಅದೇ ಗಳಿಗೆಗೆ ಆ ಬದಿಯಿಂದ ಶರಣಪ್ಪನೂ ಎದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ವಿಶ್ವಜಿತ್ ಎಂದರು ಮೇಡಂ. ವಿಶ್ವಜಿತ್ ಇನ್ನೂ ಹೋಳಿಗೆ ತಿನ್ನುತ್ತಿದ್ದ.

ಶರಣಪ್ಪ ಜಾಣ. ನೀರಿನ ಜಗ್ಗು ತರಲೆಂದೇ ಎದ್ದವನಂತೆ ಮೂಲೆಗೆ ಹೋಗಿ, ಎಲ್ಲರ ಲೋಟಗಳಿಗೂ ನೀರು ಸುರಿಯುತ್ತ ಬಂದ. ರೆಹಾನಾ ಅವರಿಗೆ ಅದು ತೋಚಲಿಲ್ಲ. ಹಾಗೇ ನಿಂತು ನನ್ನತ್ತ ನೋಡಿದರು. ಸಿಟ್ಟಿನ ನೋಟವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ತಾವೇ ತಪ್ಪು ಕೇಳಿಸಿಕೊಂಡಿರಬಹುದೇ ಎಂಬಂತೆ ನೋಡಿದರು. ನಾನು ಎಲೆಯ ಮೇಲಿನ ಉಪ್ಪಿನಕಾಯಿಯನ್ನು ಬಹಳ ಎಚ್ಚರದಿಂದ ಪರೀಕ್ಷಿಸತೊಡಗಿದೆ.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಮಸ್ಕಿಯ ಮೇಲೇ ಹೋಗುತ್ತದೆಂಬ ಸತ್ಯ ನನಗೆ ಹೊಳೆದದ್ದು ಅವರಿಬ್ಬರೂ ಒಂದೇ ಬಸ್ಸು ಹತ್ತಿ ಹೋದ ಮೇಲೆ. ಬಸ್ಸು ಮಸ್ಕಿ ಮುಟ್ಟುವ ಮೊದಲೇ ಇಬ್ಬರ ಮಾತೂ ತಾಳೆಯಾಗಿತ್ತು. ಸಂಜೆ ಶರಣಪ್ಪ ಫೋನು ಮಾಡಿ ಬಿದ್ದು ಬಿದ್ದು ನಕ್ಕ. ವರ್ಷವೆಲ್ಲ ಗಿರಾಕಿಗಳಿಗೆ ತಾನು ಹೇಳುವುದನ್ನು ನಾನು ತನಗೇ ಹೇಳಿದೆನೆಂದೂ, ಮಾರಾಟಕ್ಕೆ ನಾನೇ ಬರಬೇಕಿತ್ತೆಂದೂ ಹೇಳಿದ. ರೆಹಾನಾ ಫೋನು ಮಾಡಲಿಲ್ಲ. ರಾತ್ರಿ ನಾನು ಅನ್ನ ಮುಟ್ಟದಿದ್ದುದನ್ನು ನೋಡಿ ಸಾವಿತ್ರಿ ಕಾರಣ ಕೇಳಿದಳು. ಎಲ್ಲ ಹೇಳಿದೆ. ಅವಳು, ಹಂಗಾರ ನನ್ನ ಅಡಗಿನೂ ಹಿಂಗ ಹೊಗಳೀರೇನು ಎಂದು ಕೇಳಿದಳು. ನಾನು ತಟ್ಟನೆ ಸಾರು ಕಲೆಸಿಕೊಂಡು ಎರಡು ತುತ್ತು ಉಂಡೆ.

ಎರಡು ದಿನ ಬಿಟ್ಟು ಮಸ್ಕಿಗೆ ಹೋದೆ. ಈ ಸಲ ಚಹಾ ಬಂತು, ಮಿರ್ಚಿ ಬರಲಿಲ್ಲ. ಅವರು ಬೈದರೆ ಹಗುರಾಗುತ್ತೇನೆಂದು ಕಾದೆ. ರೈತರ ಮೇಲೆ ಅಷ್ಟು ಸಿಡುಕುವವರು ನನ್ನ ಮೇಲೆ ದನಿ ಎತ್ತಲಿಲ್ಲ. ದವಾಖಾನೆಯ ಜಾಗಕ್ಕೆ ಬೇರೆಯವರು ಬಂದರಂತೆ. ಬೇಡವೆಂದು ತಾವೇ ಹೇಳಿಕಳಿಸಿದ ಮೇಲೆ ಅವರಾದರೂ ಎಷ್ಟು ದಿನ ಕಾಯಬೇಕು ಎಂದರು. ಆಮೇಲೆ ಮೆಲ್ಲಗೆ, "ಅವತ್ತ ಕೇಳಿದ್ನಲ್ರಿ ಸರ್, ತಪ್ಪಿದ್ರ ಹೇಳ್ರಿ ಅಂತ," ಎಂದರು.

ಆಗ ಹೇಳಿದೆ. ಗಿರಾಕಿಗಳ ಮೇಲೆ ಸಿಡುಕುತ್ತೀರಿ, ಅದರಿಂದ ಒಂದಿಷ್ಟು ಜನ ಎದುರಿನ ಅಂಗಡಿಗೆ ಹೋಗಿದ್ದಾರೆ ಎಂದೆ. ಹೇಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

"ಇಷ್ಟ ಏನ್ರಿ?" ಎಂದರು ಅವರು. "ಇದನ್ನ ಅವತ್ತ ಹೇಳಿದ್ರ ನಾ ಏನ್ ಅಳತಿದ್ದಿಲ್ರಿ. ಖರೇ ಐತಿ ಅಂತಿದ್ದೆ. ನೀವು ಚಲೋ ಮನುಷ್ಯಾರದೀರಿ ಸರ್. ಆದ್ರ ನಿಮ್ಮ ಮಾತಿನ ಮ್ಯಾಲ ಮನಿ ನಡಸಾಕ ಬರಂಗಿಲ್ಲ."

ಆ ಮಾತು ನನ್ನ ಜೊತೆ ಬಸ್ಸು ಹತ್ತಿತು. ಸಿಂಧನೂರು ಬರುವಷ್ಟರಲ್ಲಿ ಒಂದು ಮಹತ್ವದ ನಿರ್ಧಾರಕ್ಕೆ ಬಂದಿದ್ದೆ. ನೇರ ಮೇಡಂ ಬಳಿ ಹೋಗಿ, ನಡೆದದ್ದನ್ನೆಲ್ಲ ಒಪ್ಪಿಕೊಂಡು, ಈ ವರ್ಷದ ನನ್ನ ಹೆಚ್ಚಳವನ್ನು ರೆಹಾನಾ ಅವರಿಗೆ ಕೊಡಿ ಎನ್ನಬೇಕು. ಆ ದೃಶ್ಯವನ್ನು ಕಲ್ಪಿಸಿಕೊಂಡು ಕಣ್ಣು ಕೂಡ ಒದ್ದೆಯಾಯಿತು. ಮೇಡಂ ಒಪ್ಪಲಿಕ್ಕಿಲ್ಲ, ನಿಮ್ಮದು ನಿಮಗಿರಲಿ, ಅವರಿಗೂ ಕೊಡೋಣ ಅನ್ನಬಹುದು ಎಂಬ ಆಸೆಯೂ ಆ ಕಣ್ಣೀರಿನಲ್ಲಿ ಸ್ವಲ್ಪ ಬೆರೆತಿತ್ತೆಂಬುದನ್ನು ಮುಚ್ಚಿಡುವುದಿಲ್ಲ.

ಮೇಡಂ ಕೂರಲು ಹೇಳಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವರೇ ಶುರುಮಾಡಿದರು. ಇವತ್ತು ನನ್ನ ಮೌಲ್ಯಮಾಪನವಂತೆ. ಹೆಸರು ಕರೆಯುವ ಮೊದಲೇ ಇಬ್ಬರು ಎದ್ದು ನಿಂತದ್ದು ಅವರ ಕಣ್ಣು ತಪ್ಪಿರಲಿಲ್ಲ. ಶರಣಪ್ಪನನ್ನು ಕೇಳಿ ಎಲ್ಲ ತಿಳಿದುಕೊಂಡಿದ್ದರು. "ನೀವು ಮಂದಿಗೆ ಬ್ಯಾಸರ ಆಗಬಾರದಂತ ಸುಳ್ಳು ಹೇಳಂಗಿಲ್ಲ, ಮೌನೇಶ್. ನಿಮಗ ಬ್ಯಾಸರ ಆಗಬಾರದಂತ ಹೇಳತೀರಿ," ಎಂದರು. ಈ ವರ್ಷ ನನಗೆ ಹೆಚ್ಚಳ ಇಲ್ಲವೆಂದೂ, ನನಗಾಗಿ ತೆಗೆದಿಟ್ಟಿದ್ದನ್ನು ರೆಹಾನಾ ಅವರಿಗೆ ಕೊಡುತ್ತಿರುವುದಾಗಿಯೂ, ಅವರ ಸಿಡುಕಿನ ವಿಷಯವನ್ನು ತಾವೇ ಮಾತಾಡುವುದಾಗಿಯೂ ಹೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಮುಖ ಸಣ್ಣದಾಗಿರಬೇಕು. ಅವರು ಅದನ್ನು ನೋಡಿದರು, ನೋಡಿ ಸುಮ್ಮನೆ ಕುಳಿತರು. ನಾನು ಬಸ್ಸಿನಲ್ಲಿ ಸಿದ್ಧಪಡಿಸಿಕೊಂಡಿದ್ದ ತ್ಯಾಗ ಹಾಗೇ ಗಂಟಲಲ್ಲಿ ಉಳಿಯಿತು. ಕಸಿದುಕೊಂಡದ್ದನ್ನು ದಾನ ಕೊಡುವುದು ಹೇಗೆ? ಭಾಳ ಚಲೋ ಹೇಳಿದ್ರಿ ಮೇಡಂ ಎಂದು ಕೈಮುಗಿದು ಹೊರಗೆ ಬಂದೆ.

ಅದರ ಮರುದಿನ ರೆಹಾನಾ ಅವರ ಫೋನು ಬಂತು. ಮ್ಯಾನೇಜರ್ ಪಾಲಿನ ಹೆಚ್ಚಳವನ್ನು ನಿಮಗೆ ಕೊಟ್ಟಿದ್ದೇವೆ ಎಂದು ಮೇಡಂ ಅವರಿಗೆ ತಿಳಿಸಿದ್ದರು. ಮಾತು ಕಡಿಮೆಯಾದವರಿಂದ ಆಗುವ ಅನಾಹುತ ಇದು.

"ನಿಮ್ಮ ಪಗಾರದಾಗಿಂದು ಬಿಟ್ಟುಕೊಟ್ರಂತಲ್ರಿ ಸರ್. ನಾ ಅವತ್ತ ಹಂಗ ಅನಬಾರದಿತ್ತು. ಮನಸಿಗೆ ಹಚ್ಚಿಕೊಬ್ಯಾಡ್ರಿ."

ಇಲ್ರಿ, ನಾ ಬಿಟ್ಟುಕೊಡಲಿಲ್ಲ, ಅವರೇ ಕಿತ್ತುಕೊಂಡರು ಎಂದು ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಆದರೆ ಎಷ್ಟು ದಿನಗಳ ಮೇಲೆ ಆ ದನಿ ಅರಳಿತ್ತು! "ಇರಲಿ ಬಿಡ್ರಿ ರೆಹಾನಾ, ಅದೇನ್ ದೊಡ್ಡದಲ್ಲ," ಎಂದೆ. ಅಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು. ದನಿಯನ್ನು ಸ್ವಲ್ಪ ತಗ್ಗಿಸಿ, "ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ," ಎಂದು ಬೇರೆ ಸೇರಿಸಿದೆ.