ವಿಮಾನದ ಹುಡುಗನಿಗೆ ಹೆಣ್ಣು ಕೊಡುವಾಗ

ನಮ್ಮ ಮನೆತನದಲ್ಲಿ ಹೆಣ್ಣು ಕೊಡೋ ಮಾತು ಎದ್ದಾಗಲೆಲ್ಲ ಒಂದಲ್ಲ ಒಂದು ರಂಪ ಆಗಿಯೇ ಆಗುತ್ತೆ. ಆದರೆ ದುದ್ದದಲ್ಲಿರೋ ನನ್ನ ತಂಗಿಯ ಮಗಳಿಗೆ ವಿಮಾನ ಓಡಿಸೋ ಹುಡುಗನ ಸಂಬಂಧ ಬಂತಲ್ಲ, ಆ ತಿಂಗಳು ಪೂರ್ತಿ ತಂಗಿ ಗಂಟಲಲ್ಲಿ ಮುದ್ದೆ ಇಳೀಲಿಲ್ಲ. ಕೊಟ್ಟರೆ ಅಳಿಯ ಎಲ್ಲಿ ಬೀಳ್ತಾನೋ ಅನ್ನೋ ಭಯ, ಬಿಟ್ಟರೆ ಇಂಥವನು ಮತ್ತೆ ಸಿಗ್ತಾನೋ ಇಲ್ಲವೋ ಅನ್ನೋ ಭಯ. ಧೈರ್ಯ ಹೇಳೋಕೆ ನನ್ನನ್ನ ಹೊಳೆನರಸೀಪುರದಿಂದ ಕರೆಸಿಕೊಂಡಳು. ಧೈರ್ಯ ನನ್ನ ಹತ್ತಿರ ಎಲ್ಲಿಂದ ಬರಬೇಕು? ಏನು ನಡೀತದೋ ನೋಡೋಣ ಅಂತ ಹೋದೆ.

೧. ಹಲ್ಲಿನ ಲೆಕ್ಕ

ಹುಡುಗ ಚನ್ನರಾಯಪಟ್ಟಣದ ಕಡೆಯವನು. ಬೆಂಗಳೂರಿನ ಸಾಹುಕಾರರೊಬ್ಬರ ಸ್ವಂತ ವಿಮಾನ ಓಡಿಸ್ತಾನೆ, ಎಂಟು ಜನ ಕೂರೋ ಪುಟ್ಟದು. ಅಂಥವು ಎರಡಿವೆ. ಒಂದೇ ಕಂಪನಿಯವೇ, ಒಂದು ಹಳೇ ಮಾದರಿ, ಇನ್ನೊಂದು ಹೊಸದು. ನನ್ನ ತಂಗಿ ಗಂಡ ಜೀವನವೆಲ್ಲ ದನದ ವ್ಯಾಪಾರ ನೋಡಿದವನು. ಹೆಣ್ಣು ನೋಡೋಕೆ ಬಂದ ಹುಡುಗನನ್ನ ಸಂಬಳ ಕೇಳೋದು ಬಿಟ್ಟು ಕೇಳಿದ:

"ಹಳೇದಕ್ಕೆ ಎಷ್ಟು ವರ್ಸ ಕಣಪ್ಪ?"

"ಹದಿನಾರು, ಮಾವ."

"ಎತ್ತಾಗಿದ್ರೆ ಬಾಯಲ್ಲಿ ಒಂದು ಹಲ್ಲೂ ಇರ್ತಿರಲಿಲ್ಲ."

"ಎಂಜಿನ್ ಬಿಚ್ಚಿ ಹೊಸದರ ಥರ ಮಾಡ್ತಾರೆ ಮಾವ."

"ಕೊಂಬು ಹೆರೆದು, ಎಣ್ಣೆ ಸವರಿ ಮಾರೋ ದಳ್ಳಾಳಿನೂ ಹಿಂಗೇ ಹೇಳೋದು."

ಒಳಗೆ ತಂಗಿ ಕೈಯಿಂದ ಸೌಟು ಬಿತ್ತು.

೨. ಯಾರನ್ನ ಇಳಿಸೋದು

ತಂಗಿ ಸೆರಗು ಹಿಡಕೊಂಡು ಬಾಗಿಲಿಗೆ ಬಂದಳು. "ಎರಡ್ರಲ್ಲಿ ಬೀಳದೇ ಇರೋದು ಯಾವ್ದಪ್ಪ?"

"ಎರಡೂ ಬೀಳಲ್ಲ ಅತ್ತೆ," ಅಂತ ಹುಡುಗ ತಟ್ಟೇಲಿದ್ದ ಎರಡು ಬಾಳೆಹಣ್ಣನ್ನೇ ವಿಮಾನ ಮಾಡಿ, ಕೋಡುಬಳೆ ಮುರಿದು ರೆಕ್ಕೆ ಇಟ್ಟ. "ಹಳೇದು ಸ್ವಲ್ಪ ವಾಲಿದ್ರೂ ನನ್ನ ಕೈಗೇ ಗೊತ್ತಾಗುತ್ತೆ. ಹೊಸದರಲ್ಲಿ ಮುಳ್ಳಿನ ಮೀಟರ್ ಇಲ್ಲ, ಟೀವಿ ಥರ ಪರದೆ. ಕೆಡೋಕೆ ಮುಂಚೆನೇ ಹೇಳುತ್ತೆ. ದೂರನೂ ಹೋಗುತ್ತೆ. ಹಳೇದಕ್ಕೆ ಮಾತ್ರ ಬಿಸಿಲಲ್ಲಿ ಎಂಟೂ ಜನ ಕೂತ್ರೆ ಮೇಲಕ್ಕೆ ಏಳೋಕೆ ಕಷ್ಟ."

"ಏಳದಿದ್ರೆ?"

"ಒಬ್ಬರನ್ನ ಇಳಿಸ್ತೀವಿ."

"ಯಾರ್ನ?"

"ಯಾವಾಗ್ಲೂ ಸಾಹುಕಾರರ ಭಾವಮೈದನ್ನ."

ಮೂಲೇಲಿ ಕೂತಿದ್ದ ನಮ್ಮ ತಮ್ಮ, ಅಂದರೆ ಈ ಮನೆಯ ಭಾವಮೈದ, ಐದನೇ ಕೋಡುಬಳೆ ತಟ್ಟೆಗೆ ವಾಪಸ್ಸಿಟ್ಟ.

೩. ಪುಸ್ತಕ ನೋಡಿ ಓಡಿಸೋನು

ಕೊನೆಗೆ ತಂಗಿ ಗಂಡ ಬೆಂಗಳೂರಿಗೇ ಹೋಗಿ ಎರಡೂ ವಿಮಾನ ನೋಡಿ ಬಂದ.

"ಹುಡುಗ ವಿಮಾನ ಹತ್ತೋ ಮುಂಚೆ ಸುತ್ತ ಒಂದು ಸಲ ಬತ್ತಾನೆ," ಅಂದ. "ಹೊಟ್ಟೆ ಕೆಳಗೆ ಬಗ್ಗಿ ಎಣ್ಣೆ ಸೋರೈತಾ ನೋಡ್ತಾನೆ, ರೆಕ್ಕೆ ಸವರ್ತಾನೆ. ನಾನು ಎತ್ತು ನೋಡೋ ಥರವೇ. ಹುಡುಗ ಸರಿ ಕಣೆ. ಆದ್ರೆ ಹೊಸ ವಿಮಾನ ಬ್ಯಾಡ. ಅದ್ರೊಳಗೆ ಕೂತು ಪುಸ್ತಕ ನೋಡ್ಕಂಡು ಓದ್ತಾನೆ, ಒಂದು ಗುಂಡಿ ಒತ್ತುತಾನೆ. ಓದ್ತಾನೆ, ಇನ್ನೊಂದು ಒತ್ತುತಾನೆ."

"ಓಡ್ಸೋಕೆ ಬರದೋನ ಕೈಗೆ ಮಗಳನ್ನ ಕೊಡ್ಲಾ?" ಅಂದಳು ತಂಗಿ.

ನಾನು ಹೊಳೆನರಸೀಪುರಕ್ಕೆ ಹೋಗಿ ನಾಲ್ಕೇ ಮನೆಗೆ ಈ ಸುದ್ದಿ ಹೇಳಿದೆ. ಮಿಕ್ಕವರು ಅವರವರೇ ಕೇಳಿಕೊಂಡರು. ಮಾತು ಚನ್ನರಾಯಪಟ್ಟಣ ಮುಟ್ಟಿ, ಪಾಪ ಹುಡುಗ ದುದ್ದದ ಎಸ್.ಟಿ.ಡಿ. ಬೂತಿಗೆ ಫೋನ್ ಮಾಡಿ ತಂಗಿಯನ್ನ ಕರೆಸಿದ. "ಅತ್ತೆ, ಹಳೇದ್ರಲ್ಲೂ ಓದ್ತೀನಿ. ಪುಸ್ತಕ ಓದದೆ ಯಾರೂ ವಿಮಾನ ಎತ್ತಲ್ಲ."

ಅವತ್ತಿನವರೆಗೆ ಒಂದು ವಿಮಾನದ ಭಯವಿತ್ತು. ಅವತ್ತಿಂದ ಎರಡರದೂ ಶುರುವಾಯ್ತು.

೪. ಮೂರನೇ ವರ

ಕಡೆಗೆ ತಂಗಿ ಸಾಲಾವಳಿ ನೋಡಿಸಿಯೇ ತೀರ್ಮಾನ ಅಂದಳು. ಹುಡುಗನದು ಮಾತ್ರ ಅಲ್ಲ, ಯಾವ ವಿಮಾನ ಅವನಿಗೆ ಕೂಡಿ ಬರುತ್ತೆ ಅಂತಲೂ ನೋಡಬೇಕು. ಎರಡೂ ವಿಮಾನ ಮೊದಲು ಹಾರಿದ ದಿನ ತರಿಸಿಕೊಂಡಳು. ಪಕ್ಕದ ಮನೆ ಮೇಷ್ಟ್ರು ಹಳೇ ಪಂಚಾಂಗ ತಿರುವಿ, ಹುಡುಗಿ ನಕ್ಷತ್ರ ಮೇಲೆ, ಅದರ ಕೆಳಗೆ ಹುಡುಗನದು, ಹಳೇ ವಿಮಾನದ್ದು, ಹೊಸ ವಿಮಾನದ್ದು ಬರೆದುಕೊಟ್ಟರು. ಹುಡುಗಿಯದರ ಪಕ್ಕ ಮಾತ್ರ ಕನ್ಯೆ ಅಂತ ಬರೆದು, ಮಿಕ್ಕ ಮೂರು ಯಾರದು ಅಂತ ಬರೆಯೋದು ಮರೆತರು. ಚೀಟಿ ಅರಕಲಗೂಡಿನ ಜೋಯಿಸರಿಗೆ ಹೋಯ್ತು.

ಉತ್ತರ ಬಂದ ದಿನವೇ ಹುಡುಗ, ಅವನ ತಾಯಿ ಕೊನೇ ಮಾತು ಕೇಳೋಕೆ ಬಂದು ಕೂತಿದ್ದರು. ನಾನೂ ಮತ್ತೆ ದುದ್ದಕ್ಕೆ ಬಂದಿದ್ದೆ. ಆಗಲ್ಲ ಅಂದರೆ ಅವತ್ತೇ ಬೇರೆ ಕಡೆ ಹೆಣ್ಣು ನೋಡೋಕೆ ಹೊರಟವರು. ತಂಗಿ ಕಾಗದ ಮುಟ್ಟೋಕೆ ಒಪ್ಪಲಿಲ್ಲ, ನನಗೆ ಕೂಡಿಸಿ ಓದೋಕೆ ಬರಲ್ಲ. ಕಾಗದ ಹುಡುಗನ ಕೈಗೇ ಕೊಟ್ಟೆ. ಗಟ್ಟಿಯಾಗಿ ಓದಿದ:

"ಮೊದಲನೇ ವರನಿಗೆ ಮೂವತ್ತಾರಕ್ಕೆ ಹದಿನೆಂಟು ಗುಣ, ಸಾಧಾರಣ. ಎರಡನೇ ವರ ಬೇಡ. ಮೂರನೇ ವರನಿಗೆ ಮೂವತ್ತೆರಡು. ಬಲು ಉತ್ತಮ, ಕಣ್ಣು ಮುಚ್ಚಿಕೊಂಡು ಕನ್ಯೆ ಕೊಡಬಹುದು."

ಜೋಯಿಸರು ಮೂರು ಗಂಡು ಬಂದಿವೆ ಅಂದುಕೊಂಡು, ಮೂರನ್ನೂ ಹುಡುಗಿಗೇ ಕೂಡಿಸಿ ನೋಡಿದ್ದರು. ಮೇಷ್ಟ್ರು ಯಾವ ಸಾಲಲ್ಲಿ ಯಾರದು ಬರೆದಿದ್ದರು ಅಂತ ನಾನು ಹೇಳಿದೆ.

"ಮೂರನೇ ವರ ಅಂದ್ರೆ ಹೊಸ ವಿಮಾನ," ಅಂದ ಹುಡುಗ, ಕಾಗದ ಮಡಿಸುತ್ತಾ. "ಅದಕ್ಕೇ ಕೊಡಿ ಅತ್ತೆ. ಓಡಿಸೋಕೆ ಹೇಗೂ ನಾನು ಬೇಕಲ್ಲ."

ತಂಗಿ ನನ್ನ ಮುಖ ನೋಡಿದಳು. ಅಷ್ಟರಲ್ಲಿ, ತಿಂಗಳಿಂದ ಯಾರೂ ಒಂದು ಮಾತು ಕೇಳದಿದ್ದ ಹುಡುಗಿ ಅಡುಗೆಮನೆಯಿಂದಲೇ ಅಂದಳು:

"ಕೊಟ್ಬುಡವ್ವ. ವಿಮಾನಕ್ಕೆ ಕೊಟ್ರೆ ಅತ್ತೆ ಇರಲ್ಲ."

ಚಾಪೆ ಮೇಲೆ ಕೂತಿದ್ದ ಹುಡುಗನ ತಾಯಿ ಕಾಫಿ ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡು, ನನ್ನ ತಂಗಿ ಕಡೆ ತಿರುಗಿದರು.

"ತಾಂಬೂಲ ತಕ್ಕೊಂಡು ಬನ್ನಿ ಬೀಗಿತ್ತಿ. ಈ ಬಾಯಿಗೆ ವಿಮಾನ ತಡೆಯಲ್ಲ, ನಾನೇ ಬೇಕು."