ಅಂಬಿಗ ದಡ ಸೇರುವ ಕಾದಂಬರಿ

ದೊಡ್ಡ ದೊಡ್ಡ ದುರಂತ ಕಾದಂಬರಿಗಳನ್ನೆಲ್ಲ ಓದಿ ಓದಿಯೇ ಕೆಡಿಸಿದ ಮನುಷ್ಯ ಯಾರಾದರೂ ಇದ್ದರೆ ಅದು ಬೇಲೆಕೇರಿಯ ನನ್ನ ಸೋದರಮಾವ! ಓದಿದರೆ ಪುಸ್ತಕ ಕೆಡುತ್ತದೆಯೇ ಎಂದಿರಾ? ಕೇಳಿ.

ಮಾವ ಮೀನುಗಾರ. ಮೊಣಕಾಲು ಕೈಕೊಟ್ಟ ಮೇಲೆ ದೋಣಿ ಬಿಟ್ಟು ಕಾದಂಬರಿ ಹತ್ತಿದ. ಅವೂ ಎಂಥವು! ತಲೆದಿಂಬಿಗಿಂತ ದಪ್ಪ. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಚಹಾ ಆರುತ್ತಿತ್ತು. ಬಂದರಿಗೆ ಹೋಗುವ ಅದಿರಿನ ಲಾರಿಗಳ ಕೆಂಪು ಧೂಳು ಕೂತ ಆ ಪುಟಗಳನ್ನು ಎಂಟೆಂಟು ಸಲ ಓದುತ್ತಿದ್ದ. ದೋಣಿಗಳು ಕಡಲಿಗೆ ಹೋದ ಮೇಲೆ, ದಂಡೆಯಲ್ಲಿ ಮೀನು ಒಣಗಿಸುವ ಹೆಂಗಸರ ನಡುವೆ ಕೂತು ಗಟ್ಟಿಯಾಗಿ ಓದುವುದು. ಕಾಗೆ ಓಡಿಸುವ ಕೆಲಸವೂ ಅವನದೇ. “ಹುಶ್, ಹಾಳಾದ್ದೇ!” ಎಂದರೆ ಬೈದದ್ದು ಕಾಗೆಗೋ ನಾಯಕಿಯ ಅತ್ತೆಗೋ ತಿಳಿಯುತ್ತಿರಲಿಲ್ಲ.

ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟವನು. ಆದರೂ ಕೋಡಿಬಾಗದಲ್ಲಿ ದೋಣಿ ಇಂಜಿನ್ ರಿಪೇರಿಯ ಸ್ವಂತ ಅಂಗಡಿ ಹಾಕಿದೆ, ಯಾರ ಮುಂದೆಯೂ ತಲೆ ತಗ್ಗಿಸಲಿಲ್ಲ. ಮಾವನ ಕಾದಂಬರಿಗಳೆಲ್ಲ ಕಿವಿಯಿಂದಲೇ ನನಗೆ ಬಾಯಿಪಾಠ. ಒಮ್ಮೆ ಕಾರವಾರದ ಚಹಾದಂಗಡಿಯಲ್ಲಿ ಮಾಸ್ತರರೊಬ್ಬರು, ಮಾವ ಎಲ್ಲಕ್ಕಿಂತ ಹೆಚ್ಚು ಸಲ ಓದಿದ ಅಂಬಿಗನ ಕಾದಂಬರಿಯನ್ನೇ ವಿವರಿಸುತ್ತಿದ್ದರು. ಕೊನೆಗೆ ಅಂಬಿಗ ಹೊಳೆಯಲ್ಲಿ ಮುಳುಗಿ ಸತ್ತನಂತೆ!

“ಸಾಯೂದಿಲ್ಲ ಸರ್,” ಎಂದೆ. “ದಡ ಸೇರಿ ಬಿಸಿ ಗಂಜಿ ಉಣ್ತಾನೆ. ಜತೆಗೆ ಒಣ ಸಿಗಡಿ ಚಟ್ನಿ.”

ಇಡೀ ಅಂಗಡಿ ನಕ್ಕಿತು. ಮುಂದಿನ ಬಸ್ಸಿಗೇ ಬೇಲೆಕೇರಿಗೆ ಹೋಗಿ, ಮಾವನ ಕೈಯಿಂದ ಪುಸ್ತಕ ಕಸಿದು, ಕೊನೆಯ ಪುಟವನ್ನು ಅಕ್ಷರ ಅಕ್ಷರ ಕೂಡಿಸಿ ಓದಿದೆ. ಸತ್ತಿದ್ದ!

“ಇಷ್ಟ್ ವರ್ಷ ಸುಳ್ಳು ಹೇಳಿದ್ಯಾ ಮಾವಾ? ನನ್ನ ಮರ್ಯಾದಿ ಹೋಯ್ತಲ್ಲ!”

“ದೋಣಿಗೆ ಹೊಡ್ದ ಹಾಂಗೆ ಅದಕ್ಕೂ ಮತ್ತೊಮ್ಮೆ ಪೇಂಟ್ ಹೊಡಿ,” ಎಂದವನು ಹೆಂಗಸರತ್ತ ನೋಡಿ ದನಿ ತಗ್ಗಿಸಿದ. “ದೋಣಿ ಕಡಲಲ್ಲಿ ಇರ್ಬೇಕಾದ್ರೆ, ಇವ್ರ ಎದುರಿಗೆ ಮುಳುಗಿದ ಅಂದ್ಹೇಳಿ ಯಾರಾರೂ ಬಾಯಲ್ಲಿ ತರ್ತಾರೇನೋ ತಮಾ?”

“ಎಂತದು ಮಾರಾಯಾ ಗುಸುಗುಸು?” ಎಂದಳೊಬ್ಬ ಮುದುಕಿ. “ಓದು! ಗಂಜಿ ಇನ್ನೂ ಬರ್ಲಿಲ್ಲ!”

ಮಾವನಿಲ್ಲದೆ ಇದು ನಾಲ್ಕನೇ ಮಳೆಗಾಲ. ಪುಸ್ತಕ ನನ್ನ ಬಳಿಯೇ ಇದೆ. ಬಿಚ್ಚಿದರೆ ಒಣಮೀನಿನ ವಾಸನೆ, ಅದರ ಹಿಂದೆಯೇ ಅವನ ದನಿ.

ಕೊನೆಗಾಲದಲ್ಲಿ ಅವನ ಕಣ್ಣು ಮಂಜಾಗಿ, ಹಾಸಿಗೆ ಹಿಡಿದ ಮೇಲೆ ಭಾನುವಾರ ಭಾನುವಾರ ನಾನೇ ಅದನ್ನು ಓದಿಹೇಳಿದೆ. ನಾನು ಒಂದು ಪುಟ ದಾಟುವಷ್ಟರಲ್ಲಿ ಅವನದೊಂದು ನಿದ್ದೆ ಮುಗಿಯುತ್ತಿತ್ತು! ಕೊನೆಯ ಪುಟಕ್ಕೆ ಬರುವಾಗ ಜೋರು ಮಳೆ.

“ಈ ಸಲ ಬರ್ದ ಹಾಂಗೇ ಓದು ತಮಾ,” ಎಂದ. “ಮಳೆಗಾಲ ಅಲ್ದಾ, ದೋಣಿ ಎಲ್ಲಾ ದಂಡೆಲೇ ಅದೆ.”

ದೋಣಿಗಳೇನೋ ದಂಡೆಯಲ್ಲಿದ್ದವು. ಆದರೆ ಮಾವ? ಅವನ ಉಸಿರು ಎಳೆಯುವುದನ್ನೇ ನೋಡಿದೆ. ಬರೆದದ್ದು ಕಣ್ಣೆದುರಿಗೇ ಇತ್ತು.

“ಅಂಬಿಗ... ದಡ ಸೇರಿ... ಬಿಸಿ ಗಂಜಿ ಉಂಡ,” ಎಂದು ಓದಿ ಪುಸ್ತಕ ಮುಚ್ಚಿದೆ.

ಮಾವ ಕಣ್ಣು ಮುಚ್ಚಿಕೊಂಡೇ ನಕ್ಕ.

“ಚಟ್ನಿ ಮರ್ತ್ಯಲ್ಲೋ!”